ಕಸಿಯಾಗಿ ಏಳು ತಿಂಗಳು, ಬಿಳಿ ರಕ್ತಕಣ ಸರಿಯಿದೆ, ಆದರೂ ವೈರಸ್ ಮತ್ತೆ ಮತ್ತೆ ಬರುವುದೇಕೆ?

ದಾನಿಯ ಅಸ್ಥಿಮಜ್ಜೆ ಪಡೆದ ನಿಮ್ಮ ತಮ್ಮನಿಗೆ ಎರಡು ಸಲ ಸಿಎಂವಿ (ಸೈಟೊಮೆಗಾಲೊ ವೈರಸ್) ಸೋಂಕು, ಈಗ ಸರ್ಪಸುತ್ತು. ಹಾಗಾದರೆ ಕಸಿ ಕೈಕೊಟ್ಟಿತೇ ಎಂದು ಕೇಳಿದ್ದೀರಿ. ಇಷ್ಟರಿಂದಲೇ ಹಾಗೆನ್ನಲಾಗದು. ಕಸಿ ಹಿಡಿದಿದೆಯೇ ಎಂದು ತಿಳಿಯಲು, ರಕ್ತದಲ್ಲಿ ದಾನಿಯ ಕಣಗಳು ಎಷ್ಟಿವೆ ಎಂದು ನೋಡುವ ಕೈಮೆರಿಸಂ ಪರೀಕ್ಷೆ ಬೇರೆಯೇ ಇದೆ.

ಬಿಳಿ ಕಣಗಳ ಎಣಿಕೆಯಲ್ಲಿ ಹೆಚ್ಚಿನವು ನ್ಯೂಟ್ರೋಫಿಲ್‌ಗಳು. ಅವು 2ರಿಂದ 4 ವಾರಗಳಲ್ಲಿ ಮರಳುತ್ತವೆ, ಆದರೆ ಮುಖ್ಯವಾಗಿ ಕಾದಾಡುವುದು ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಜೊತೆ. ವೈರಸ್ಸನ್ನು ಅದುಮಿಡುವುದು ಟಿ ಕಣಗಳು. ಅವು ಚೇತರಿಸಿಕೊಳ್ಳಲು ಒಂದು ವರ್ಷ, ಎರಡು ವರ್ಷವೂ ಹಿಡಿದೀತು. ದಾನಿಯ ಕಣಗಳು ರೋಗಿಯ ಮೈಯ ಮೇಲೆಯೇ ದಾಳಿ ಮಾಡುವ ಜಿವಿಎಚ್‌ಡಿಗೆ ಸ್ಟೀರಾಯ್ಡ್ ನಡೆದಿದ್ದರೆ ಇನ್ನೂ ತಡ. ಆದ್ದರಿಂದ ಟಿ ಕಣಗಳಲ್ಲೇ ಒಂದು ಬಗೆಯಾದ ಸಿಡಿ4 ಕಣಗಳ ಎಣಿಕೆ ಎಷ್ಟಿದೆ ಎಂದು ಕೇಳಿ. ಒಂದು ಮೈಕ್ರೊಲೀಟರ್ ರಕ್ತದಲ್ಲಿ 200ಕ್ಕಿಂತ ಕೆಳಗಿದ್ದರೆ ಸೋಂಕು ಮರುಕಳಿಸುವುದರಲ್ಲಿ ಆಶ್ಚರ್ಯವಿಲ್ಲ.

ಸಿಎಂವಿ ಸಾಮಾನ್ಯವಾಗಿ ಹೊರಗಿನಿಂದ ಬಂದದ್ದಲ್ಲ. ಮೈಯಲ್ಲೇ ಮಲಗಿದ್ದದ್ದು ಎದ್ದಿದೆ. ಮನೆ ಎಷ್ಟು ತೊಳೆದರೂ ಅದು ನಿಲ್ಲದು, ನಿಮ್ಮನ್ನು ದೂಷಿಸಿಕೊಳ್ಳಬೇಡಿ. ರೋಗಿಯ ಮೈಯಲ್ಲಿ ಅದು ಮೊದಲೇ ಇದ್ದು ದಾನಿಗೆ ಎಂದೂ ಬಂದಿರದಿದ್ದರೆ ಅಪಾಯ ಹೆಚ್ಚು: ಹೊಸ ಮಜ್ಜೆಗೆ ಆ ವೈರಸ್ಸಿನ ಪರಿಚಯವೇ ಇರುವುದಿಲ್ಲ.

ರಕ್ತದಲ್ಲಿ ಸಿಎಂವಿ ಎಷ್ಟಿದೆ ಎಂದು ಅಳೆಯುವ ಪಿಸಿಆರ್ ವರದಿ ನೋಡಿ ಗಾಬರಿಯಾಗುವವರೇ ಹೆಚ್ಚು. 800 ಇದ್ದದ್ದು 1,500 ಆದರೆ ಅದು ಪರೀಕ್ಷೆಯ ಏರುಪೇರೂ ಆಗಿರಬಹುದು. ಮೂರು ಪಟ್ಟಿಗಿಂತ ಹೆಚ್ಚಾದರೆ ಮಾತ್ರ ನಿಜವಾದ ಏರಿಕೆ ಎನ್ನಿ. ಒಂದೇ ಲ್ಯಾಬು, ಒಂದೇ ಬಗೆಯ ಮಾದರಿ ಇರಲಿ. ಪ್ಲಾಸ್ಮಾದ ಅಂಕಿಯನ್ನು ಇಡೀ ರಕ್ತದ ಅಂಕಿಯ ಜೊತೆ ಹೋಲಿಸಬಾರದು. ಸಿಎಂವಿಗೆ ಕೊಡುವ ಗ್ಯಾನ್ಸಿಕ್ಲೋವಿರ್ ಶುರುವಾದ ಮೊದಲ ಎರಡು ವಾರ ಅಂಕಿ ಏರಿದರೂ ಔಷಧ ಸೋತಿತು ಎಂದಲ್ಲ. ಸರಿಯಾದ ಡೋಸ್ ಕೊಟ್ಟು ಎರಡು ವಾರ ಕಳೆದ ಮೇಲೂ ಏರುತ್ತಿದ್ದರೆ ಔಷಧ ಪ್ರತಿರೋಧದ ಪರೀಕ್ಷೆ ಬೇಕು. ಈ ಔಷಧ ರಕ್ತಕಣಗಳನ್ನು ಇಳಿಸುತ್ತದೆ. ಬದಲಿಗೆ ಕೊಡುವ ಫೋಸ್ಕಾರ್ನೆಟ್ ಮೂತ್ರಪಿಂಡಕ್ಕೆ ಹೊಡೆತ ಕೊಟ್ಟು ಪೊಟ್ಯಾಸಿಯಂ, ಮೆಗ್ನೀಸಿಯಂ ತಗ್ಗಿಸುತ್ತದೆ.

ಸರ್ಪಸುತ್ತಿನ ವಿಷಯದಲ್ಲಿ ನನಗೆ ಮೊದಲು ಬರುವ ಅನುಮಾನ, ಅದನ್ನು ತಡೆಯುವ ಅಸೈಕ್ಲೋವಿರ್ ಮಾತ್ರೆ ನಿಂತುಹೋಗಿದೆಯೇ ಎಂದು. ಕನಿಷ್ಠ ಒಂದು ವರ್ಷ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಮುಂದುವರಿದಿದ್ದರೆ ಅದಕ್ಕೂ ಹೆಚ್ಚು ಕಾಲ ಅದು ಬೇಕು. ಸಿಎಂವಿ ತಡೆಯಲು ಲೆಟರ್ಮೊವಿರ್ ಕೊಟ್ಟಾಗ ‘ವೈರಸ್ ಮಾತ್ರೆ ಇದೆಯಲ್ಲ’ ಎಂದು ಅಸೈಕ್ಲೋವಿರ್ ಬಿಟ್ಟುಬಿಡುವುದುಂಟು. ಲೆಟರ್ಮೊವಿರ್ ಸರ್ಪಸುತ್ತಿನ ವೈರಸ್ಸನ್ನು ಮುಟ್ಟುವುದೇ ಇಲ್ಲ! ಕಣ್ಣಿನ ಹತ್ತಿರ ಗುಳ್ಳೆ ಎದ್ದರೆ, ಅಥವಾ ಮೈಯಲ್ಲಿ ಹಲವು ಕಡೆ ಹರಡಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತನಾಳದ ಮೂಲಕ ಔಷಧ ಬೇಕಾಗುತ್ತದೆ.

ರಕ್ತದಲ್ಲಿನ ಪ್ರತಿಕಾಯವಾದ ಐಜಿಜಿ ಕೂಡ ನೋಡಿಸಿ. 400 ಮಿ.ಗ್ರಾಂ/ಡೆ.ಲೀ.ಗಿಂತ ಕಡಿಮೆಯಿದ್ದು ಗಂಭೀರ ಸೋಂಕು ಮರುಕಳಿಸುತ್ತಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಹೊರಗಿನಿಂದ ಕೊಡುವ ಪ್ರತಿಕಾಯ) ಪರಿಗಣಿಸುತ್ತಾರೆ. ಮೂತ್ರದಲ್ಲಿ ರಕ್ತ, ಉರಿ ಕಂಡರೆ ಮೂತ್ರಕೋಶವನ್ನು ಕಾಡುವ ಬಿಕೆ ವೈರಸ್ ಪರೀಕ್ಷೆ ಮಾಡಿಸಬೇಕು.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಪ್ಯಾರಾಸಿಟಮಾಲ್ ನುಂಗಿಸುವ ಮೊದಲೇ ಕಸಿ ತಂಡಕ್ಕೆ ಫೋನ್ ಮಾಡಿ. ಫ್ಲೂ ಚುಚ್ಚುಮದ್ದನ್ನು ಆರು ತಿಂಗಳ ನಂತರ ಕೊಡಬಹುದು, ಮನೆಯವರೂ ಹಾಕಿಸಿಕೊಳ್ಳಿ. ದಡಾರ, ಚಿಕನ್‌ಪಾಕ್ಸ್‌ಗೆ ಕೊಡುವಂಥ ಜೀವಂತ ಲಸಿಕೆಗಳು ಮಾತ್ರ ಎರಡು ವರ್ಷದೊಳಗೆ ಬೇಡ. ಆಮೇಲೂ ಜಿವಿಎಚ್‌ಡಿ ಇಲ್ಲದಿದ್ದರೆ, ಸ್ಟೀರಾಯ್ಡ್‌ನಂಥ ಔಷಧಗಳು ನಿಂತಿದ್ದರೆ ಮಾತ್ರ.