ಅಪ್ಪನ ಕಸುವು, ಮಗನ ಮೈ: ಒಂದು ಆಪ್ತಸಲಹೆ ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಜಮಖಂಡಿ ಸೀಮೆಯ ಒಂದು ರೈತ ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ತಂದೆ ಪ್ರಾಯದಲ್ಲಿ ಸುತ್ತಲಿನ ಜಾತ್ರೆಗಳ ಕುಸ್ತಿಗಳಲ್ಲಿ ಹೆಸರು ಮಾಡಿದ ಪೈಲ್ವಾನರು. 16 ವರ್ಷದ ಮಗ ಚಿಕ್ಕಂದಿನಿಂದ ಗರಡಿಗೆ ಹೋಗುತ್ತಿದ್ದವನು, ಕೆಲವು ತಿಂಗಳಿಂದ ಸಾಮು ಬಿಟ್ಟು, ಊಟ ಕಡಿಮೆ ಮಾಡಿ, ಯಾರೊಡನೆಯೂ ಮಾತಾಡದೆ ಕೂತಿದ್ದಾನೆಂದು ತಾಯಿ ಅವನನ್ನು ಕರೆದುಕೊಂಡು ಬಂದರು.

ಕಾರಣ ಒಂದು ತಪಾಸಣೆಯ ವರದಿ. ಯಾರೋ ಹೇಳಿದ್ದನ್ನು ಕೇಳಿ ತಂದೆಯವರು ಮಗನ ಜೊಲ್ಲಿನ ಮಾದರಿಯನ್ನು ಕೊರಿಯರ್‌ನಲ್ಲಿ ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದ್ದರು. ಬಂದ ವರದಿಯಲ್ಲಿ ಎಸಿಟಿಎನ್3 ಎಂಬ ಜೀನಿನ ಮುಂದೆ ‘ಎಕ್ಸ್‌ಎಕ್ಸ್’ ಎಂದೂ, ಅದರ ಕೆಳಗೆ ಕೆಂಪಕ್ಷರದಲ್ಲಿ ಶಕ್ತಿ ಮತ್ತು ವೇಗದ ಆಟಗಳಿಗೆ ಅನುಕೂಲಕರವಲ್ಲ ಎಂದೂ ಇತ್ತು. ಮಡಚಿ ಮಡಚಿ ಹರಿಯುವಂತಾಗಿದ್ದ ಆ ಹಾಳೆಯನ್ನು ಹುಡುಗ ತನ್ನ ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡಿದ್ದ. “ನನ್ನ ಮೈಯಾಗ ಅದು ಇಲ್ಲಂದ ಮ್ಯಾಲೆ ಸಾಮು ಮಾಡಿ ಏನು ಮಾಡ್ಲಿರಿ ಸರ್?” ಎಂಬುದು ಅವನಾಡಿದ ಮೊದಲ ಮಾತು.

ಅವನಿಗೆ ಸಮಾಧಾನದ ಮಾತಿಗಿಂತ ಆ ಹಾಳೆಯ ನಿಜವಾದ ಅರ್ಥ ತಿಳಿಯುವುದು ಮುಖ್ಯವೆನಿಸಿತು. ನಮ್ಮ ಸ್ನಾಯುಗಳಲ್ಲಿ ನಿಧಾನವಾಗಿ ಸಂಕುಚಿಸಿ ಬಹಳ ಹೊತ್ತು ದಣಿಯದ ಎಳೆಗಳೂ, ಥಟ್ಟನೆ ಸಂಕುಚಿಸಿ ಹೆಚ್ಚು ಬಲ ಕೊಟ್ಟು ಬೇಗ ದಣಿಯುವ ಎಳೆಗಳೂ ಬೆರೆತಿರುತ್ತವೆ. ವೇಗದ ಎಳೆಗಳಲ್ಲಿ ಆಲ್ಫಾ ಆಕ್ಟಿನಿನ್-3 ಎಂಬ ಪ್ರೋಟೀನು ಇರುತ್ತದೆ. ಅದನ್ನು ತಯಾರಿಸುವ ಸೂಚನೆ ಎಸಿಟಿಎನ್3 ಜೀನಿನಲ್ಲಿದೆ. ಈ ಜೀನಿನ ‘ಎಕ್ಸ್’ ಎಂಬ ರೂಪವೇ (ಇದು ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತುವಲ್ಲ) ತಂದೆ ತಾಯಿ ಎರಡೂ ಕಡೆಯಿಂದ ಬಂದವರಲ್ಲಿ, ಅಂದರೆ ‘ಎಕ್ಸ್‌ಎಕ್ಸ್’ ಇರುವವರಲ್ಲಿ, ಈ ಪ್ರೋಟೀನು ತಯಾರಾಗುವುದಿಲ್ಲ. ಆದರೆ ಅವರಲ್ಲಿಯೂ ವೇಗದ ಎಳೆಗಳು ಇದ್ದೇ ಇರುತ್ತವೆ, ಮತ್ತು ಅದೇ ಬಳಗದ ಆಲ್ಫಾ ಆಕ್ಟಿನಿನ್-2 ಎಂಬ ಇನ್ನೊಂದು ಪ್ರೋಟೀನು ಆ ಕೆಲಸವನ್ನು ಬಹುಮಟ್ಟಿಗೆ ನಿಭಾಯಿಸುತ್ತದೆ. ಇದು ರೋಗವಲ್ಲ; ಜಗತ್ತಿನಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಹೀಗೆಯೇ ಇದ್ದಾರೆ.

ವರದಿಯ ಮಾತಿಗೆ ಆಧಾರವೇ ಇಲ್ಲವೆಂದು ನಾನು ಹೇಳಲಿಲ್ಲ. ಉನ್ನತ ಮಟ್ಟದ ವೇಗದ ಓಟಗಾರರಲ್ಲಿ ಎಕ್ಸ್‌ಎಕ್ಸ್ ಇರುವವರು ಬಹಳ ವಿರಳವೆಂದು 2003ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ತೋರಿಸಿದ್ದರು. ಆದರೆ ಸಾಮಾನ್ಯ ಜನರ ನಡುವೆ ಸ್ನಾಯುಬಲದಲ್ಲಿ ಕಾಣುವ ವ್ಯತ್ಯಾಸದಲ್ಲಿ ಈ ಒಂದು ಜೀನಿನ ಪಾಲು ಶೇಕಡಾ 2–3ರಷ್ಟು ಮಾತ್ರ. ಎಕ್ಸ್‌ಎಕ್ಸ್ ಇದ್ದೂ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಸ್ಪೇನಿನ ಉದ್ದಜಿಗಿತಗಾರರೊಬ್ಬರ ಉದಾಹರಣೆ 2007ರಲ್ಲಿ ಪ್ರಕಟವಾಯಿತು. ಇದನ್ನು ಕೇಳಿದಾಗ ಹುಡುಗ ಮೊದಲ ಸಲ ತಲೆಯೆತ್ತಿ, ಆ ಜಿಗಿತಗಾರ ಎಷ್ಟು ದೂರ ಜಿಗಿಯುತ್ತಿದ್ದನೆಂದು ಕೇಳಿದ. 8 ಮೀಟರಿಗಿಂತ ಹೆಚ್ಚು ಎಂದೆ.

ತಂದೆಯವರನ್ನು ಬೇರೆಯಾಗಿ ಕರೆಸಬೇಕಾಯಿತು, ಏಕೆಂದರೆ ಈ ಪ್ರಕರಣದ ದೊಡ್ಡ ಗಾಯ ಅಲ್ಲಿತ್ತು. “ನಮ್ಮ ಮನೆತನದಾಗ ಇಂಥಾ ಮೈ ಯಾರದೂ ಇಲ್ರಿ ಸರ್. ಇದು ಅವರವ್ವನ ಕಡೀದು” ಎಂದು ಅವರು ನನ್ನೆದುರೇ ಹೇಳಿದರು, ವರದಿ ಬಂದಾಗಿನಿಂದ ಆ ತಾಯಿ ಮನೆಯಲ್ಲಿ ದಿನವೂ ಕೇಳುತ್ತಿದ್ದ ಮಾತು ಅದೇ. ನಾನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದೆ: ಮಗು ಈ ಜೀನಿನ ಒಂದು ಪ್ರತಿಯನ್ನು ತಾಯಿಯಿಂದ, ಇನ್ನೊಂದನ್ನು ತಂದೆಯಿಂದ ಪಡೆಯುತ್ತದೆ; ಮಗನಲ್ಲಿ ಎರಡೂ ‘ಎಕ್ಸ್’ ಆಗಿದ್ದರೆ ಒಂದು ನಿಮ್ಮಿಂದಲೇ ಬಂದಿರಬೇಕು; ನೀವು ಜಾತ್ರೆಯಲ್ಲಿ ಕುಸ್ತಿ ಗೆದ್ದಾಗಲೂ ಅದು ನಿಮ್ಮ ಮೈಯಲ್ಲೇ ಇತ್ತು. ಅವರು ಆ ಗೆರೆಗಳ ಮೇಲೆ ಬೆರಳಿಟ್ಟು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು. ಇದನ್ನು ಅವರನ್ನು ಸೋಲಿಸುವುದಕ್ಕೆ ಹೇಳಿದ್ದಲ್ಲ. ಗಂಡ ಹೆಂಡತಿ ಇಬ್ಬರಲ್ಲಿಯೂ ಒಂದೊಂದು ‘ಎಕ್ಸ್’ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಹೀಗಾಗುವ ಸಂಭವವಿರುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ.

ಆದರೂ ಅವರು ಬಿಡಲಿಲ್ಲ. ಕಿಲಾರಿ ಎತ್ತು ಕೊಳ್ಳುವಾಗ ತಳಿ ನೋಡುವುದಿಲ್ಲವೇ ಎಂದರು. ಮಾತು ಸರಿಯೇ. ಬೆಲ್ಜಿಯಂ ದೇಶದ ಒಂದು ದನದ ತಳಿಯಲ್ಲಿ ಮಯೋಸ್ಟಾಟಿನ್ ಎಂಬ ಒಂದೇ ಜೀನು ಕೆಟ್ಟಿರುವುದರಿಂದ ಮಾಂಸಖಂಡ ವಿಪರೀತ ಬೆಳೆಯುತ್ತದೆ. ಮನುಷ್ಯರಲ್ಲಿ ಅಂಥದ್ದು ತೀರ ಅಪರೂಪ. ಜರ್ಮನಿಯ ಒಂದು ಮಗುವಿನಲ್ಲಿ ಕಂಡದ್ದು 2004ರಲ್ಲಿ ವರದಿಯಾಗಿತ್ತು. ಉಳಿದವರಲ್ಲಿ ಬಲದ ವ್ಯತ್ಯಾಸಕ್ಕೆ ಸುಮಾರು ಅರ್ಧದಷ್ಟು ಕಾರಣ ಆನುವಂಶಿಕವೇ ಆದರೂ, ಅದು ನೂರಾರು ಜೀನುಗಳಲ್ಲಿ ಚೂರುಚೂರಾಗಿ ಹಂಚಿಹೋಗಿರುತ್ತದೆ. ಉಳಿದರ್ಧದಲ್ಲಿ ಅಭ್ಯಾಸ, ಆಹಾರ, ನಿದ್ದೆ, ಬಾಲ್ಯದ ಆರೋಗ್ಯ ಎಲ್ಲವೂ ಸೇರುತ್ತವೆ.

ಹುಡುಗನಿಗೆ ಕೊಟ್ಟ ಸಲಹೆ ಹೀಗಿತ್ತು. ಮೊದಲು ವೈದ್ಯರಲ್ಲಿ ರಕ್ತ ಪರೀಕ್ಷೆ. ಅದರಲ್ಲಿ ಹಿಮೋಗ್ಲೋಬಿನ್ ಕಡಿಮೆ ಇರುವುದು ಕಂಡು ಚಿಕಿತ್ಸೆ ಆರಂಭವಾಯಿತು, ಮತ್ತು ಅವನ ದಣಿವಿಗೆ ಜೀನಿಗಿಂತ ಇದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ದೆ, ವಸ್ತಾದರ ಕಣ್ಣೆದುರೇ ಸಾಮು, ತೂಕದ ವರ್ಗಕ್ಕಾಗಿ ಉಪವಾಸ ಬೇಡ. ಜಿಮ್ಮಿನಲ್ಲಿ ಯಾರೋ ಸೂಚಿಸಿದ್ದ ಇಂಜೆಕ್ಷನ್ನಿನ ವಿಷಯದಲ್ಲಿ ಕಟ್ಟುನಿಟ್ಟಾಗಿ ಮಾತಾಡಿದೆ: ಬೆಳೆಯುವ ವಯಸ್ಸಿನಲ್ಲಿ ಸ್ಟೀರಾಯ್ಡ್ ತೆಗೆದುಕೊಂಡರೆ ಎಲುಬಿನ ಬೆಳವಣಿಗೆ ಅಕಾಲದಲ್ಲಿ ನಿಂತುಹೋಗಬಹುದು. ಕುಸ್ತಿಯನ್ನೇ ಮುಂದುವರಿಸಬೇಕೋ ಬೇಡವೋ ಎಂಬುದನ್ನು ಅವನಿಗೇ ಬಿಟ್ಟೆ. ಈಗ ಅವನು ಗರಡಿಗೆ ಮರಳಿದ್ದಾನೆ; ಆದರೆ ತಂದೆಯವರು ನೋಡಲು ಬಂದ ದಿನ ಮಣ್ಣಿಗಿಳಿಯಲು ಇನ್ನೂ ಹಿಂಜರಿಯುತ್ತಾನೆ. ಅದಕ್ಕಾಗಿ ಭೇಟಿಗಳು ಮುಂದುವರಿದಿವೆ.

ಕೊನೆಯ ಭೇಟಿಯಲ್ಲಿ ತಂದೆಯವರು ಓಟದಲ್ಲಿ ಮುಂದಿರುವ 11 ವರ್ಷದ ಮಗಳಿಗೂ ಅದೇ ತಪಾಸಣೆ ಮಾಡಿಸಬಹುದೇ ಎಂದು ಕೇಳಿದರು. ಮಕ್ಕಳಲ್ಲಿ ಆಟದ ಪ್ರತಿಭೆ ಗುರುತಿಸಲು ಇಂಥ ತಪಾಸಣೆ ಬಳಸಬಾರದೆಂದು ಈ ಕ್ಷೇತ್ರದ ತಜ್ಞರು 2015ರಲ್ಲಿಯೇ ಒಮ್ಮತದ ಹೇಳಿಕೆ ಪ್ರಕಟಿಸಿದ್ದಾರೆ. ಅದನ್ನು ತಿಳಿಸಿ, ಬೇಡವೆಂದು ಸ್ಪಷ್ಟವಾಗಿ ಹೇಳಿ, ಆ ಹಣದಲ್ಲಿ ಅವಳಿಗೆ ಓಡಲು ಒಂದು ಜೊತೆ ಒಳ್ಳೆಯ ಬೂಟು ಕೊಡಿಸಲು ಸೂಚಿಸಿದೆ.