ಅಲ್ಟ್ರಾಮ್ಯಾನ್‌ಗೆ ನಾಲ್ಕು ಪುಟ ಕೊಟ್ಟಿದ್ದು ಯಾಕೆ?

ಪತ್ರ: ‘ಕಳೆದ ಸಂಚಿಕೆಯಲ್ಲಿ ಅಲ್ಟ್ರಾಮ್ಯಾನ್ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಸೂಪರ್‌ಮ್ಯಾನ್ ಮುಂದೆ ಒಂದು ಮೈನಸ್ ಗುರುತು ಹಾಕಿದರೆ ಅಲ್ಟ್ರಾಮ್ಯಾನ್ ಸಿಗುತ್ತಾನೆ, ಅಷ್ಟೇ. ಇದು ಮಕ್ಕಳಾಟ. ಇನ್‌ಜಸ್ಟಿಸ್ ಗೇಮ್‌ನ ಸೂಪರ್‌ಮ್ಯಾನ್ ನೋಡಿ. ಹೆಂಡತಿ ಸಾಯುತ್ತಾಳೆ, ಅವನು ಕುಸಿದುಹೋಗುತ್ತಾನೆ, ಸರ್ವಾಧಿಕಾರಿ ಆಗುತ್ತಾನೆ. ಅದಕ್ಕೆ ಕಾರಣ ಇದೆ, ಮನಸ್ಸಿದೆ. ದೊಡ್ಡವರು ಓದಬೇಕಾದ್ದು ಅದು. ನೀವು ಇನ್ನೂ 1964ರಲ್ಲೇ ಯಾಕೆ ಕೂತಿದ್ದೀರಿ? ಮುಂದೇನು ಹಾಕುತ್ತೀರಿ?’ – ಹುಬ್ಬಳ್ಳಿಯ ಓದುಗರೊಬ್ಬರು

ಉತ್ತರ:

ನಿಮ್ಮ ಪತ್ರ ಸಿಟ್ಟಿನಿಂದ ಬರೆದದ್ದು ಅಂತ ಮೊದಲ ಸಾಲಿಗೇ ಗೊತ್ತಾಯಿತು. ನನಗೆ ಖುಷಿಯೇ ಆಯಿತು. ಸಿಟ್ಟು ಬರಬೇಕಾದರೆ ನಾಲ್ಕೂ ಪುಟ ಓದಿರಬೇಕು ಅಲ್ವಾ?

ಒಪ್ಪುವ ಮಾತು ಮೊದಲು ಹೇಳಿಬಿಡುತ್ತೇನೆ. 2013ರ ಇನ್‌ಜಸ್ಟಿಸ್ ಶುರುವಾಗುವ ರೀತಿ ಗಟ್ಟಿಯಾಗಿದೆ. ಜೋಕರ್ ಎಂಬ ವಿಲನ್ ಮೋಸ ಮಾಡಿ, ಗರ್ಭಿಣಿ ಹೆಂಡತಿ ಲೋಯಿಸ್ ಲೇನ್ ಸೂಪರ್‌ಮ್ಯಾನ್ ಕೈಯಲ್ಲೇ ಸಾಯುವ ಹಾಗೆ ಮಾಡುತ್ತಾನೆ. ಅವಳ ಎದೆಬಡಿತ ನಿಂತ ಕೂಡಲೇ ಮೆಟ್ರೊಪೊಲಿಸ್‌ನಲ್ಲಿ ಅಣುಬಾಂಬ್ ಸಿಡಿಯುತ್ತದೆ. ಆ ಗೇಮ್ ಮೇಲೆ ಟಾಮ್ ಟೇಲರ್ ಬರೆದ ಕಾಮಿಕ್ಸ್ ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಬರವಣಿಗೆಯಲ್ಲಿ ಕೈಚಳಕ ಇದೆ, ಅದರ ಬಗ್ಗೆ ತಕರಾರಿಲ್ಲ.

ಆದರೆ ‘ಮೈನಸ್ ಗುರುತು’ ಅಂದಿರಲ್ಲ, ಅದನ್ನು ನಾನು ಸುಮ್ನೆ ಬಿಡುವುದಿಲ್ಲ.

ನೀವು 1964ರ ಆ ಎರಡು ಸಂಚಿಕೆ ಓದಿಲ್ಲ ಅಂತ ನನ್ನ ಅನುಮಾನ. ಓದಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಸೂಪರ್‌ಮ್ಯಾನ್ ಮತ್ತು ಅವನ ಜೊತೆಗಾರ ಹೀರೋಗಳ ಗುಂಪಿನ ಕಾಮಿಕ್ಸ್ ಪತ್ರಿಕೆ ‘ಜಸ್ಟೀಸ್ ಲೀಗ್ ಆಫ್ ಅಮೆರಿಕಾ’ದ 29 ಮತ್ತು 30ನೇ ಸಂಚಿಕೆಗಳು ಅವು. ಬರೆದವರು ಗಾರ್ಡ್ನರ್ ಫಾಕ್ಸ್, ಚಿತ್ರ ಮೈಕ್ ಸೆಕೋವ್‌ಸ್ಕಿ, ಸಂಪಾದಕರು ಜೂಲಿಯಸ್ ಶ್ವಾರ್ಟ್ಜ್. (ಹೆಸರು ಕೇಳಿ ಗೊಂದಲ ಆದವರಿಗೆ: ಜಪಾನಿನ ಟಿವಿಯ ಅಲ್ಟ್ರಾಮ್ಯಾನ್ ಬೇರೆ, ಅವನು 1966ರಲ್ಲಿ ಬಂದವನು.) ಫಾಕ್ಸ್ ಮೂರು ವರ್ಷ ಮೊದಲು, 1961ರಲ್ಲಿ, ಫ್ಲ್ಯಾಶ್ ಕಥೆಯೊಂದರಲ್ಲಿ ಎರಡನೇ ಭೂಮಿಯ ಬಾಗಿಲು ತೆರೆದಿದ್ದರು. ಈಗ ಸಿನಿಮಾದವರೆಲ್ಲ ಮಲ್ಟಿವರ್ಸ್ ಅಂತ ಮಾರುತ್ತಿರುವ ಸರಕು ಡಿಸಿ ಕಾಮಿಕ್ಸ್‌ನಲ್ಲಿ ಬೇರು ಬಿಟ್ಟಿದ್ದು ಅಲ್ಲಿಂದ. 1964ರಲ್ಲಿ ಅವರು ಮೂರನೇ ಭೂಮಿಗೆ ಹೋದರು, ಅರ್ತ್-3ಕ್ಕೆ. ಅಲ್ಲಿ ಕೊಲಂಬಸ್ ಅಮೆರಿಕದಿಂದ ಹೊರಟು ಯುರೋಪ್ ಕಂಡುಹಿಡಿಯುತ್ತಾನೆ. ನಮ್ಮಲ್ಲಿ ಲಿಂಕನ್‌ರನ್ನು ಕೊಂದ ನಟ ಜಾನ್ ವಿಲ್ಕ್ಸ್ ಬೂತ್ ಅಲ್ಲಿ ಅಧ್ಯಕ್ಷ, ಅವನನ್ನು ಕೊಲ್ಲುವವನು ಅಬ್ರಹಾಂ ಲಿಂಕನ್ ಎಂಬ ನಟ. ಅಂದರೆ ತಿರುಗುಮುರುಗಾಗಿರುವುದು ಒಬ್ಬ ಮನುಷ್ಯ ಅಲ್ಲ, ಇಡೀ ಚರಿತ್ರೆ. ಆ ಲೋಕದಲ್ಲಿ ಶಕ್ತಿ ಇರುವವರೆಲ್ಲ ಕಳ್ಳರು. ಅಲ್ಟ್ರಾಮ್ಯಾನ್, ಔಲ್‌ಮ್ಯಾನ್, ಸೂಪರ್‌ವುಮನ್, ಜಾನಿ ಕ್ವಿಕ್, ಪವರ್ ರಿಂಗ್, ಈ ಐವರ ಗುಂಪಿಗೆ ಕ್ರೈಮ್ ಸಿಂಡಿಕೇಟ್ ಅಂತ ಹೆಸರು. ತಡೆಯುವವರು ಒಬ್ಬರೂ ಇಲ್ಲ.

ಹಾಗಾದರೆ ಅವರು ಸುಖವಾಗಿದ್ದಾರಾ? ಇಲ್ಲ. ಬೇಸರ ಹಿಡಿದಿದೆ. ಬ್ಯಾಂಕ್ ದೋಚಿದರೂ ರುಚಿ ಇಲ್ಲ, ಯಾಕೆಂದರೆ ಎದುರು ನಿಲ್ಲುವವರಿಲ್ಲ. ಕೈ ಮೊಂಡಾಗುತ್ತಿದೆ ಅಂತ ಅವರಿಗೇ ಭಯ. ನಮ್ಮ ಭೂಮಿಗೆ ಅವರು ಬರುವುದು ಚಿನ್ನಕ್ಕಲ್ಲ, ತಾಲೀಮಿಗೆ! ಹನ್ನೆರಡು ಸೆಂಟ್ಸ್ ಬೆಲೆಯ, ಮಕ್ಕಳಿಗೆ ಅಂತ ಅಚ್ಚಾದ ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ತಡೆಯುವವರಿಲ್ಲದ ಕೆಟ್ಟತನ ತನ್ನೊಳಗೇ ಕೊಳೆಯುತ್ತದೆ ಅನ್ನುವುದನ್ನು ನಾನು ಎಷ್ಟೋ ದಪ್ಪ ಕಾದಂಬರಿಗಳಲ್ಲೂ ಇಷ್ಟು ಸರಳವಾಗಿ ಓದಿಲ್ಲ.

ಇನ್ನು ಆ ಹಸಿರು ಕಲ್ಲು. ಕ್ರಿಪ್ಟೋನೈಟ್ ಹತ್ತಿರ ಬಂದರೆ ಸೂಪರ್‌ಮ್ಯಾನ್ ನೆಲಕ್ಕೆ ಬೀಳುತ್ತಾನೆ. ಅಲ್ಟ್ರಾಮ್ಯಾನ್‌ಗೆ ಅದು ತಾಗಿದಾಗಲೆಲ್ಲ ಒಂದು ಹೊಸ ಶಕ್ತಿ ಬರುತ್ತದೆ. ಬೇರೆ ಭೂಮಿಗಳು ಇವೆ ಅಂತ ಅವನಿಗೆ ಕಾಣುವುದೂ ಹಾಗೆ ಬಂದ ಒಂದು ದೃಷ್ಟಿಯಿಂದಲೇ. ಈಗ ಯೋಚನೆ ಮಾಡಿ. ಸೂಪರ್‌ಮ್ಯಾನ್‌ಗೆ ಎಷ್ಟೇ ಬಲ ಇರಲಿ, ಅಂಗೈ ಅಗಲದ ಒಂದು ಕಲ್ಲು ಅವನನ್ನು ನಮ್ಮ ನಿಮ್ಮ ಹಾಗೆ ಸಾಯಬಲ್ಲವನನ್ನಾಗಿ ಮಾಡುತ್ತದೆ. ಅಲ್ಟ್ರಾಮ್ಯಾನ್‌ಗೆ ಆ ಕಡಿವಾಣ ಇಲ್ಲ. ಅವನಿಗೆ ಇನ್ನೂ ಬೇಕು, ಇನ್ನೂ ಬೇಕು. 2013ರ ‘ಫಾರೆವರ್ ಈವಿಲ್’ನಲ್ಲಿ ಜೆಫ್ ಜಾನ್ಸ್ ಇದನ್ನು ಹಿಡಿದುಕೊಂಡು ಅವನನ್ನು ಕ್ರಿಪ್ಟೋನೈಟ್ ಪುಡಿ ಮೂಗಿಗೆ ಏರಿಸುವ ವ್ಯಸನಿ ಮಾಡಿದರು. ಬಿಸಿಲು ಅವನಿಗೆ ಆಗುವುದಿಲ್ಲ, ಅದಕ್ಕೆ ಚಂದ್ರನನ್ನೇ ತಳ್ಳಿ ಸೂರ್ಯನಿಗೆ ಅಡ್ಡ ನಿಲ್ಲಿಸುತ್ತಾನೆ. ಬೀಜ 1964ರದ್ದೇ.

ಒಂದು ಮಾತು ನಿಮಗೆ ನೆನಪಿರಲಿ. ಆಗ ಅಮೆರಿಕದ ಕಾಮಿಕ್ಸ್ ಮೇಲೆ 1954ರ ಕಾಮಿಕ್ಸ್ ಕೋಡ್ ಕೂತಿತ್ತು. ಒಳ್ಳೆಯದೇ ಗೆಲ್ಲಬೇಕು, ತಪ್ಪು ಮಾಡಿದವನಿಗೆ ಶಿಕ್ಷೆ ಆಗಲೇಬೇಕು ಅಂತ ನಿಯಮ. ಅತಿಯಾದ ರಕ್ತಪಾತ, ಕ್ರೌರ್ಯ ತೋರಿಸುವ ಹಾಗಿಲ್ಲ. ಅಷ್ಟು ಬಿಗಿಯಲ್ಲೂ ಫಾಕ್ಸ್ ಕೆಟ್ಟವರೇ ಗೆದ್ದು ಆಳುತ್ತಿರುವ ಒಂದು ಇಡೀ ಭೂಮಿ ಬರೆದು ಪಾರಾದರು. ಕೊನೆಯಲ್ಲಿ ಜಸ್ಟೀಸ್ ಲೀಗ್‌ನ ಗ್ರೀನ್ ಲ್ಯಾಂಟರ್ನ್ ಆ ಐವರನ್ನು ಎರಡು ಲೋಕಗಳ ನಡುವೆ ಹಸಿರು ಗುಳ್ಳೆಯೊಂದರಲ್ಲಿ ಕೂಡಿಹಾಕಿ, ಯಾರೂ ಬಿಡಿಸಬೇಡಿ ಅಂತ ಬೇರೆ ಬೇರೆ ಭಾಷೆಗಳಲ್ಲಿ ಫಲಕ ಹಾಕುತ್ತಾನೆ. ಆ ಚಿತ್ರ ನನಗೆ ತುಂಬಾ ಇಷ್ಟ. ಯಾರ ಕತ್ತೂ ಮುರಿಯುವುದಿಲ್ಲ, ದಾರಿಹೋಕನಿಗೂ ಎಚ್ಚರಿಕೆ ಕೊಟ್ಟಿರುತ್ತಾರೆ.

‘ಅವನಿಗೆ ಮನಸ್ಸಿಲ್ಲ’ ಅನ್ನುತ್ತೀರಿ. 1985ರ ‘ಕ್ರೈಸಿಸ್ ಆನ್ ಇನ್‌ಫಿನಿಟ್ ಅರ್ತ್ಸ್’ ಮೊದಲ ಸಂಚಿಕೆ ತೆಗೆಯಿರಿ. ಮಾರ್ವ್ ವುಲ್ಫ್‌ಮನ್ ಬರೆದದ್ದು, ಜಾರ್ಜ್ ಪೆರೆಜ್ ಬಿಡಿಸಿದ್ದು. ಲೋಕಗಳನ್ನು ನುಂಗುವ ಬಿಳಿ ಗೋಡೆ ಅರ್ತ್-3ರ ಹತ್ತಿರ ಬರುತ್ತದೆ. ಜೀವನವಿಡೀ ಆ ಭೂಮಿಯನ್ನು ದೋಚಿದ ಅದೇ ಐವರು ಅದನ್ನು ಉಳಿಸಲು ಓಡುತ್ತಾರೆ. ಯಾರೂ ತಪ್ಪಿಸಿಕೊಳ್ಳುವುದಿಲ್ಲ. ಅಲ್ಟ್ರಾಮ್ಯಾನ್ ಕೊನೆಗೆ ಆ ಗೋಡೆಯೊಳಕ್ಕೇ ಹಾರುತ್ತಾನೆ, ಸಾಯುತ್ತಾನೆ. ಯಾಕೆ ಹಾಗೆ ಮಾಡಿದ ಅಂತ ವುಲ್ಫ್‌ಮನ್ ಉದ್ದದ ವಿವರಣೆ ಕೊಡಲು ಹೋಗುವುದಿಲ್ಲ. ಅದೇ ಹೊತ್ತಿಗೆ ಆ ಲೋಕದ ಒಬ್ಬನೇ ಒಬ್ಬ ಒಳ್ಳೆಯವನು, ಅಲೆಕ್ಸಾಂಡರ್ ಲೂಥರ್, ಹೆಂಡತಿ ಲೋಯಿಸ್ ಜೊತೆ ನಿಂತು ಹಸುಗೂಸನ್ನು ಪುಟ್ಟ ನೌಕೆಯಲ್ಲಿಟ್ಟು ಇನ್ನೊಂದು ಭೂಮಿಗೆ ಕಳಿಸುತ್ತಾನೆ. ಸೂಪರ್‌ಮ್ಯಾನ್ ಹುಟ್ಟಿದ ಕ್ರಿಪ್ಟಾನ್ ಗ್ರಹ ನಾಶವಾಗುವಾಗ ಆದದ್ದೇ, ಆದರೆ ಇಲ್ಲಿ ಮಗುವನ್ನು ಉಳಿಸುವ ಅಪ್ಪ ಲೂಥರ್, ನಮ್ಮ ಕಡೆ ಸೂಪರ್‌ಮ್ಯಾನ್‌ನ ಕಡುವೈರಿಯ ಹೆಸರು ಅದು! ಈ ಪುಟಗಳನ್ನು ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ ಸಿಕ್ಕ, ರಟ್ಟು ಹರಿದ ಪ್ರತಿಯಲ್ಲಿ ನಾನು ಮೊದಲು ಓದಿದ್ದು. ನಿಂತಲ್ಲೇ ಓದಿ ಮುಗಿಸಿದೆ, ಆಮೇಲೆ ದುಡ್ಡು ಕೊಟ್ಟೆ.

ಗ್ರಾಂಟ್ ಮಾರಿಸನ್ ಮತ್ತು ಫ್ರ್ಯಾಂಕ್ ಕ್ವೈಟ್ಲಿ 2000ದಲ್ಲಿ ತಂದ ‘ಜೆಎಲ್‌ಎ: ಅರ್ತ್ 2’ ಇನ್ನೂ ಆಳಕ್ಕೆ ಹೋಗುತ್ತದೆ. ಆ ಕಡೆಯ ಒಳ್ಳೆಯ ಲೂಥರ್ ಬಂದು ಸಹಾಯ ಕೇಳುತ್ತಾನೆ, ನಮ್ಮ ಜಸ್ಟೀಸ್ ಲೀಗ್ ಹೋಗಿ ಆ ಲೋಕವನ್ನು ಸರಿ ಮಾಡಲು ನೋಡುತ್ತದೆ, ಆಗುವುದಿಲ್ಲ. ಅಲ್ಲಿ ಕೆಟ್ಟದ್ದೇ ಗೆಲ್ಲುತ್ತದೆ, ಅದು ಆ ಲೋಕ ನಡೆಯುವ ರೀತಿ. ಸಿಂಡಿಕೇಟ್ ಈ ಕಡೆ ಬಂದರೆ ಅವರೂ ಸೋಲುತ್ತಾರೆ. ಎಷ್ಟೇ ಬಲಶಾಲಿ ಆದರೂ ಹೊರಗಿನವನು ಬಂದು ಇನ್ನೊಬ್ಬರ ಲೋಕವನ್ನು ಗುದ್ದಿ ಸರಿಮಾಡಲು ಆಗುವುದಿಲ್ಲ ಅಂತ ಸೂಪರ್‌ಹೀರೋ ಕಥೆಯೇ ಹೇಳಿದರೆ, ಅದನ್ನು ಮೈನಸ್ ಗುರುತು ಅನ್ನುವುದು ಹೇಗೆ?

ಈಗ ನಿಮ್ಮ ದುಃಖದ ಸೂಪರ್‌ಮ್ಯಾನ್‌ಗೆ ಬರುತ್ತೇನೆ. ನನ್ನ ತಕರಾರು ಇಲ್ಲಿದೆ. ಹೆಂಡತಿ ಸತ್ತಳು, ಆದ್ದರಿಂದ ಲೋಕವನ್ನು ತುಳಿದ. ಇದನ್ನು ನೀವು ಮನಸ್ಸು ಅನ್ನುತ್ತೀರಿ. ನಾನು ಅವಮಾನ ಅನ್ನುತ್ತೇನೆ, ಸೂಪರ್‌ಮ್ಯಾನ್‌ಗಲ್ಲ, ದುಃಖ ಪಟ್ಟವರಿಗೆ. ನಿಮ್ಮ ಬೀದಿಯಲ್ಲೇ ನೋಡಿ. ಗಂಡನನ್ನು ಕಳಕೊಂಡು ಮೂರು ಮಕ್ಕಳನ್ನು ಓದಿಸಿದವರು, ಮಗನನ್ನು ಕಳಕೊಂಡು ಮಾರನೇ ತಿಂಗಳು ಮತ್ತೆ ಅಂಗಡಿ ಬಾಗಿಲು ತೆಗೆದವರು ಇದ್ದೇ ಇರುತ್ತಾರೆ. ಅವರು ಯಾರ ಮೇಲೂ ಸವಾರಿ ಮಾಡಲಿಲ್ಲ. ಅವರಲ್ಲಿರುವ ಒಳ್ಳೆಯತನ ಒಂದು ಸಾವಿಗೆ ಉದುರುವಂಥದ್ದಾಗಿರಲಿಲ್ಲ. ಸೂಪರ್‌ಮ್ಯಾನ್ ಒಳ್ಳೆಯತನ ಮಾತ್ರ ಲೋಯಿಸ್ ಬದುಕಿರುವ ತನಕ ಅಂದರೆ, ಅವನು ಮೊದಲಿನಿಂದಲೂ ಒಳ್ಳೆಯವನೇ ಆಗಿರಲಿಲ್ಲ ಅಂತಾಯಿತು.

ಇನ್ನೊಂದು ಸಂಗತಿ ಹೇಳುತ್ತೇನೆ. ಸೂಪರ್‌ಮ್ಯಾನ್ ಸೃಷ್ಟಿಸಿದ ಇಬ್ಬರಲ್ಲಿ ಒಬ್ಬರಾದ ಜೆರ್ರಿ ಸೀಗಲ್ ಕ್ಲೀವ್‌ಲ್ಯಾಂಡ್‌ನ ಹುಡುಗ. ಅವರ ಅಪ್ಪ ಹಳೇ ಬಟ್ಟೆ ಅಂಗಡಿ ಇಟ್ಟಿದ್ದರು. 1932ರ ಜೂನ್‌ನಲ್ಲಿ ಅಂಗಡಿಯಲ್ಲಿ ಕಳ್ಳತನ ಆಗುವಾಗ ಅವರು ಕುಸಿದುಬಿದ್ದು ತೀರಿಕೊಂಡರು, ಹೃದಯಾಘಾತ. ಹುಡುಗ ಇನ್ನೂ ಹೈಸ್ಕೂಲಿನಲ್ಲಿದ್ದ. 1933ರ ಜನವರಿಯಲ್ಲಿ ಆ ಹುಡುಗ ಗೆಳೆಯ ಜೋ ಶುಸ್ಟರ್ ಚಿತ್ರಗಳ ಜೊತೆ ತನ್ನದೇ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ ‘ದಿ ರೈನ್ ಆಫ್ ದಿ ಸೂಪರ್‌ಮ್ಯಾನ್’ ಅಂತ ಕಥೆ ಹಾಕಿದ. ಅದರಲ್ಲಿ ಸೂಪರ್‌ಮ್ಯಾನ್ ವಿಲನ್! ಊಟಕ್ಕೆ ಸಾಲಿನಲ್ಲಿ ನಿಂತ ಬಡವನೊಬ್ಬನಿಗೆ ವಿಜ್ಞಾನಿಯೊಬ್ಬ ಔಷಧ ಕೊಡುತ್ತಾನೆ, ಅವನಿಗೆ ಇತರರ ಮನಸ್ಸು ಓದುವ, ಆಳುವ ಶಕ್ತಿ ಬರುತ್ತದೆ, ಲೋಕವನ್ನೇ ಹಿಡಿಯಲು ಹೊರಡುತ್ತಾನೆ, ಔಷಧದ ಬಲ ಇಳಿದ ಮೇಲೆ ಮತ್ತೆ ಅದೇ ಸಾಲಿಗೆ ಬಂದು ನಿಲ್ಲುತ್ತಾನೆ. ಅಂದರೆ ಕೆಟ್ಟ ಸೂಪರ್‌ಮ್ಯಾನ್ ಆಮೇಲೆ ಬಂದವನಲ್ಲ, ಮೊದಲು ಬಂದವನೇ ಅವನು. ಅಪ್ಪನನ್ನು ಕಳಕೊಂಡ ಹುಡುಗ ಆ ಕೆಟ್ಟವನನ್ನು ಬರೆದು, ಬಿಟ್ಟು, 1938ರ ಜೂನ್ ತಿಂಗಳ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ ಹೊತ್ತಿಗೆ ಗುಂಡು ತಾಗದ, ಕಷ್ಟದಲ್ಲಿರುವವರ ಕಡೆ ಓಡಿಬರುವ ಒಬ್ಬನನ್ನು ಕೊಟ್ಟ. ಅಂಗಡಿಯ ಆ ರಾತ್ರಿಗೂ ಇದಕ್ಕೂ ಸಂಬಂಧ ಇದೆ ಅನ್ನುವುದು ನನ್ನ ಓದು, ಬಲವಾದ ಓದು. ದುಃಖದಿಂದ ಸೂಪರ್‌ಮ್ಯಾನ್ ಹುಟ್ಟಿದ. ನೀವು ಮೆಚ್ಚುವ ಕಥೆ ಆ ದಾರಿಯನ್ನು ಹಿಂದಕ್ಕೆ ನಡೆಯುತ್ತದೆ.

ಆ ಇಬ್ಬರು ಹುಡುಗರು ಹಕ್ಕು ಮಾರಿದ್ದು 130 ಡಾಲರ್‌ಗೆ. ಅವರ ಹೆಸರು ಮತ್ತೆ ಪುಟಕ್ಕೆ ಬಂದು, ವರ್ಷಕ್ಕಿಷ್ಟು ಅಂತ ಪಿಂಚಣಿ ಸಿಕ್ಕಿದ್ದು 1975ರ ಕೊನೆಯಲ್ಲಿ, ಅದೂ ಜಗಳ ಮಾಡಿ. ಇದನ್ನು ಯಾಕೆ ಹೇಳಿದೆ ಅಂದರೆ, ಹೀರೋವನ್ನು ಒಡೆದು ತೋರಿಸಿ ದುಡ್ಡು ಮಾಡುವುದು ಅವನನ್ನು ಕಟ್ಟಿದವರಿಗೆ ಸಿಕ್ಕಿದ್ದಕ್ಕಿಂತ ಯಾವಾಗಲೂ ಜಾಸ್ತಿ ಲಾಭದ ಕೆಲಸ ಆಗಿದೆ.

ಕ್ರೌರ್ಯ ಕಂಡರೆ ‘ದೊಡ್ಡವರದ್ದು’ ಅನ್ನುವ ಈ ಅಭ್ಯಾಸ ನನಗೆ ನಿಜವಾಗಿ ನೋವು ಕೊಡುತ್ತದೆ. ನನ್ನ ಅಕ್ಕನ ಮೊಮ್ಮಗನಿಗೆ ಏಳು ವರ್ಷ. ಅಣ್ಣಂದಿರು ಆಡುವ ಗೇಮ್ ನೋಡಿ ನೋಡಿ ಅವನಿಗೆ ಸೂಪರ್‌ಮ್ಯಾನ್ ಅಂದರೆ ಕಣ್ಣಿಂದ ಜನರನ್ನು ಸುಡುವವನು. ಅವನು ಒಳ್ಳೆಯವನು ಕಣೋ ಅಂದರೆ ಮಗು ನಂಬಲಿಲ್ಲ. ಕನ್ನಡಿಯೊಳಗಿನ ಮುಖವನ್ನೇ ಮೊದಲು ನೋಡಿದ ಮಗುವಿಗೆ ನಿಜವಾದ ಮುಖ ತೋರಿಸುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು. 1964ರಲ್ಲಿ ಅರ್ತ್-3 ಓದಿದ ಹುಡುಗನಿಗೆ ಈ ಗೊಂದಲ ಇರಲಿಲ್ಲ. ಅವನ ಕೈಯಲ್ಲಿ ಅದೇ ಸಂಚಿಕೆಯಲ್ಲಿ ಇಬ್ಬರೂ ಇದ್ದರು, ಎದುರೆದುರು.

ಕಾಮಿಕ್ಸ್ ಬಿಡಿ, ನಮ್ಮ ಪತ್ರಿಕೆಗೆ ಬರುವ ಕಥೆಗಳನ್ನೇ ನೋಡಿ. ಒಳ್ಳೆಯ ಮೇಷ್ಟ್ರು ಅಂತ ಶುರುವಾದರೆ ಮೂರನೇ ಪುಟಕ್ಕೆ ಅವರ ಗುಟ್ಟು ಹೊರಗೆ ಬಂದೇ ಬರುತ್ತದೆ. ಅತ್ತೆ ಪ್ರೀತಿಯವಳು ಅಂದರೆ ಕೊನೆಗೆ ವಿಷ ಹಾಕುತ್ತಾಳೆ. ಯಾಕೆ ಹೀಗೆ ಬರೆದಿರಿ ಅಂತ ಕೇಳಿದರೆ ‘ವಾಸ್ತವ ಸಾರ್’ ಅನ್ನುತ್ತಾರೆ. ಯಾರ ವಾಸ್ತವ? ಒಳ್ಳೆಯವನೊಬ್ಬ ಕೊನೆತನಕ ಒಳ್ಳೆಯವನಾಗಿಯೇ ಇದ್ದರೆ ಅದನ್ನು ಸಪ್ಪೆ ಅನ್ನುವ ವಿಮರ್ಶಕರೂ ಇದ್ದಾರೆ. ಅಂಥ ಪಾತ್ರ ಬರೆಯುವುದು ಎಷ್ಟು ಕಷ್ಟ ಅಂತ ಅವರು ಒಮ್ಮೆ ಬರೆದು ನೋಡಲಿ.

ನಿಮ್ಮನ್ನು ಬೈದದ್ದು ಜಾಸ್ತಿಯಾಯಿತೇನೋ. ಆದರೆ ನೀವು ಪತ್ರ ಬರೆಯುವವರು, ಆ ಜಾತಿಯ ಮೇಲೆ ನನಗೆ ತುಂಬಾ ಗೌರವ. ಶ್ವಾರ್ಟ್ಜ್ ತಮ್ಮ ಪತ್ರಿಕೆಗಳ ಓದುಗರ ಅಂಕಣದಲ್ಲಿ ಬರೆದವರ ಪೂರ್ತಿ ವಿಳಾಸ ಹಾಕುತ್ತಿದ್ದರು. ಓದುಗರು ಒಬ್ಬರಿಗೊಬ್ಬರು ಬರೆಯಲು ಶುರುಮಾಡಿದರು, ತಮ್ಮದೇ ಪತ್ರಿಕೆ ತಂದರು, ಸಂಘ ಕಟ್ಟಿದರು. ಅಂಥ ಪತ್ರಗಳನ್ನು ಬರೆಯುತ್ತಿದ್ದ ಮಿಸ್ಸೋರಿಯ ಮೇಷ್ಟ್ರು ರಾಯ್ ಥಾಮಸ್ 1965ರಲ್ಲಿ ಡಿಸಿಯ ಎದುರಾಳಿ ಕಂಪನಿ ಮಾರ್ವೆಲ್ ಸೇರಿದರು. 1969ರಲ್ಲಿ ‘ಅವೆಂಜರ್ಸ್’ನಲ್ಲಿ ಅವರು ಸ್ಕ್ವಾಡ್ರನ್ ಸಿನಿಸ್ಟರ್ ತಂದರು, ಜಸ್ಟೀಸ್ ಲೀಗ್ ಅನ್ನೇ ಕೆಟ್ಟವರನ್ನಾಗಿ ಮಾಡಿದ ಗುಂಪು ಅದು. ಅದರಲ್ಲಿ ಸೂಪರ್‌ಮ್ಯಾನ್ ಜಾಗದಲ್ಲಿರುವವನು ಹೈಪೀರಿಯನ್. ಆಮೇಲೆ ಥಾಮಸ್ ಅಲ್ಲಿ ಪ್ರಧಾನ ಸಂಪಾದಕರೇ ಆದರು. ಈಗ ಆ ಅಂಕಣಗಳು ಬಹುಪಾಲು ಕಡೆ ಮಾಯ. ಹಾಗಾಗಿ ನೀವು ಬರೆದಿರಿ ಅನ್ನುವುದೇ ನನಗೆ ದೊಡ್ಡ ವಿಷಯ.

ಮುಂದೇನು ಹಾಕುತ್ತೀರಿ ಅಂತ ಕೇಳಿದ್ದೀರಿ. ಔಲ್‌ಮ್ಯಾನ್, ಸಿಂಡಿಕೇಟ್‌ನಲ್ಲಿ ಬ್ಯಾಟ್‌ಮ್ಯಾನ್ ಜಾಗದಲ್ಲಿರುವವನು. 2010ರ ಅನಿಮೇಷನ್ ಚಿತ್ರ ‘ಕ್ರೈಸಿಸ್ ಆನ್ ಟೂ ಅರ್ತ್ಸ್’ನಲ್ಲಿ ಅವನು ಎಲ್ಲ ಲೋಕಗಳ ಮೂಲವಾದ ಭೂಮಿಯನ್ನೇ ಇಲ್ಲವಾಗಿಸಲು ಹೊರಡುತ್ತಾನೆ. ಲೆಕ್ಕವಿಲ್ಲದಷ್ಟು ಲೋಕಗಳಿದ್ದರೆ ಯಾವ ಆಯ್ಕೆಗೂ ಅರ್ಥವಿಲ್ಲ ಅನ್ನುವುದು ಅವನ ವಾದ. ಅದಕ್ಕೂ ನಾಲ್ಕು ಪುಟ ಇಟ್ಟಿದ್ದೇನೆ. ಅಷ್ಟರಲ್ಲಿ 29, 30 ಓದಿ, ‘ಕ್ರೈಸಿಸ್’ನ ಮೊದಲ ಸಂಚಿಕೆ ಓದಿ, ಆಮೇಲೆ ಮಾರಿಸನ್, ಇದೇ ಕ್ರಮದಲ್ಲಿ. ಓದಿದ ಮೇಲೂ ಸಿಟ್ಟು ಇಳಿಯದಿದ್ದರೆ ಉದ್ದಕ್ಕೆ ಬರೆಯಿರಿ, ಒಂದು ಸಾಲೂ ಕತ್ತರಿಸದೆ ಹಾಕುತ್ತೇನೆ.

– ಸಂ.