ಎಕ್ಸ್‌ರೇ ನಾರ್ಮಲ್ ಬಂದ ಮೇಲೂ ಮಂಡಿಗೆ ಎಂಆರ್‌ಐ ಬೇಕಾ?

ಆಡುವಾಗ ಮಂಡಿ ತಿರುಚಿ ‘ಟಕ್’ ಅಂತ ಸದ್ದು ಬಂತು, ಎರಡು ಗಂಟೆಯೊಳಗೆ ಊದಿಕೊಂಡಿತು, ಎಕ್ಸ್‌ರೇ ನಾರ್ಮಲ್ ಇದ್ದರೂ ಡಾಕ್ಟರ್ ಎಂಆರ್‌ಐ ಬರೆದುಕೊಟ್ಟಿದ್ದಾರೆ, ಮಾಡಿಸಲೇಬೇಕಾ ಅಂತ ಕೇಳಿದ್ದೀರಿ. ನಾನು ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ರೇಡಿಯಾಲಜಿಸ್ಟ್. ನೀವು ಹೇಳಿದ ಲಕ್ಷಣ ನೋಡಿದರೆ, ದಯವಿಟ್ಟು ಮಾಡಿಸಿ. ಅಷ್ಟು ಬೇಗ ಊದಿದೆ ಅಂದರೆ ಮಂಡಿಯೊಳಗೆ ರಕ್ತ ಸೇರಿರುವ ಸಾಧ್ಯತೆ ಜಾಸ್ತಿ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಮೂಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್, ಕಾಣುವುದಿಲ್ಲ. ನಾರ್ಮಲ್ ಅಂದರೆ ಮೂಳೆ ಮುರಿದ ಹಾಗೆ ಕಾಣಲಿಲ್ಲ ಅಂತ, ಅಷ್ಟೇ. ಹಾಗಂತ ಅದನ್ನು ಸುಮ್ನೆ ತೆಗೆಸಿದ್ದಲ್ಲ. ಕೆಲವರಿಗೆ ಮಂಡಿಯ ಹೊರಬದಿಯಲ್ಲಿ, ಕೆಳಗಿನ ಮೂಳೆಯ ಅಂಚಿನಿಂದ ಒಂದು ಸಣ್ಣ ಚಕ್ಕೆ ಕಿತ್ತು ಬಂದಿರುತ್ತದೆ. ಇದಕ್ಕೆ ಸೆಗಾಂಡ್ ಫ್ರಾಕ್ಚರ್ ಅಂತಾರೆ. ಅದು ಕಂಡರೆ ಒಳಗೆ ಎಸಿಎಲ್ (ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಲಿಗಮೆಂಟ್) ಕೂಡ ಹರಿದಿರಬೇಕು ಅಂತಲೇ ಹುಡುಕುತ್ತೇವೆ. ಫ್ರೆಂಚ್ ಸರ್ಜನ್ ಪಾಲ್ ಸೆಗಾಂಡ್ ಇದನ್ನು ಬರೆದಿಟ್ಟಿದ್ದು 1879ರಲ್ಲಿ. ಎಕ್ಸ್‌ರೇ ಬಂದದ್ದೇ 1895ರಲ್ಲಿ! ಆ ಚಕ್ಕೆ ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಎಂಆರ್‌ಐಯಲ್ಲಿ ಮಂಡಿಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಾಗೆ ಚಿತ್ರಗಳು ಬರುತ್ತವೆ. ಪಕ್ಕದಿಂದ ನೋಡಿದರೆ, ಗಟ್ಟಿಯಾಗಿರುವ ಎಸಿಎಲ್ ಓರೆಯಾಗಿ ಬಿಗಿದು ಕಟ್ಟಿದ ಕಪ್ಪು ಪಟ್ಟಿ. ಹರಿದಿದ್ದರೆ ಆ ಗೆರೆ ನಡುವೆ ಕಳೆದುಹೋಗಿರುತ್ತದೆ. ಅಲ್ಲಿ ಊದಿಕೊಂಡ, ಬಿಳಿಚಿದ ಒಂದು ಮುದ್ದೆ ಇರುತ್ತದೆ. ಆಮೇಲೆ ನಾನು ಮೂಳೆಗಳನ್ನು ನೋಡುತ್ತೇನೆ. ತೊಡೆಮೂಳೆಯ ಹೊರಭಾಗದಲ್ಲಿ ಒಂದು ಬಿಳಿ ಮಚ್ಚೆ, ಕೆಳಗಿನ ಮೂಳೆಯ ಹಿಂಬದಿಯಲ್ಲಿ ಇನ್ನೊಂದು. ಮಂಡಿ ತಿರುಚಿದ ಆ ಕ್ಷಣ ಕೆಳಗಿನ ಮೂಳೆ ಮುಂದಕ್ಕೆ ಜಾರಿ, ಎರಡೂ ಒಂದಕ್ಕೊಂದು ಬಡಿದ ಗುರುತು ಅದು. ಪೆಟ್ಟು ಹೇಗೆ ಬಿತ್ತು ಅನ್ನುವುದು ಮೂಳೆಯೊಳಗೇ ಉಳಿದಿರುತ್ತದೆ. ಎಕ್ಸ್‌ರೇಗೆ ಇದು ಸಿಗುವುದಿಲ್ಲ. ಜೊತೆಗೆ ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಹರಿದಿದೆಯಾ ಅಂತಲೂ ಗೊತ್ತಾಗುತ್ತದೆ.

ಅಲ್ಟ್ರಾಸೌಂಡ್ ಸಾಲದಾ ಅಂತ ತುಂಬಾ ಜನ ಕೇಳ್ತಾರೆ. ಮಂಡಿಯ ಒಳಬದಿಯ ಲಿಗಮೆಂಟ್ ಎಂಸಿಎಲ್ ಚರ್ಮದ ಹತ್ತಿರ ಇರುವುದರಿಂದ ಅದಕ್ಕೆ ಪರವಾಗಿಲ್ಲ. ಎಸಿಎಲ್ ಮಂಡಿಯ ನಡುಮಧ್ಯೆ ಮೂಳೆಗಳ ಸಂದಿಯಲ್ಲಿದೆ, ಅದಕ್ಕೆ ಸಾಲದು.

ಇನ್ನೊಂದು ಮಾತು. ಮೂಳೆ ಡಾಕ್ಟರ್ ಮಂಡಿಯನ್ನು ಸ್ವಲ್ಪ ಮಡಿಸಿ, ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡಿದ್ದಾರಾ? ಲಾಕ್‌ಮನ್ ಟೆಸ್ಟ್ ಅದು, ಎಸಿಎಲ್ ಸಡಿಲವಾಗಿದೆಯಾ ಅಂತ ಕೈಯಿಂದಲೇ ನೋಡುವುದು. ನೋವು, ಊತಕ್ಕೆ ಮೊದಲ ದಿನ ಆಗದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಿಸಿ. ಅರ್ಧ ಹರಿದದ್ದೋ ಪೂರ್ತಿಯೋ ಅನ್ನುವುದರಲ್ಲಿ ಸ್ಕ್ಯಾನ್ ತಪ್ಪಬಹುದು. ನಾನು ‘ಭಾಗಶಃ’ ಅಂತ ಬರೆದ ಮಂಡಿ ಡಾಕ್ಟರ ಕೈಗೆ ಪೂರ್ತಿ ಸಡಿಲವಾಗಿ ಸಿಕ್ಕಿದ್ದುಂಟು. ಆಪರೇಷನ್ ಬೇಕಾ ಬೇಡವಾ ಅಂತ ಬರೀ ರಿಪೋರ್ಟ್ ಓದಿ ತೀರ್ಮಾನ ಮಾಡಬೇಡಿ.

ಪೇಸ್‌ಮೇಕರ್ ಅಥವಾ ಮೈಯೊಳಗೆ ಯಾವುದೇ ಲೋಹ ಇದ್ದರೆ ಸ್ಕ್ಯಾನ್‌ಗೆ ಮೊದಲೇ ಹೇಳಿ. ಸದ್ದು ಜೋರಾಗಿರುತ್ತದೆ, ಕಾಲು ಮಾತ್ರ ಅಲ್ಲಾಡಿಸಬೇಡಿ. ಮಂಡಿ ಸಿಕ್ಕಿಹಾಕಿಕೊಂಡು ಕಾಲು ನೆಟ್ಟಗೆ ಮಾಡಲು ಆಗದಿದ್ದರೆ ಸ್ಕ್ಯಾನ್ ದಿನಕ್ಕೆ ಕಾಯಬೇಡಿ, ಇವತ್ತೇ ಡಾಕ್ಟರನ್ನು ನೋಡಿ.